ಗ್ರೀನ್‌ಲ್ಯಾಂಡಿನಲ್ಲಿ ಇಮಾಮ್ ಜಾಮಿನ್

ಭಾಂಡುಪ್, ಮುಂಬಯಿ
೧೦ ಜುಲೈ ೨೦೨೪

ನನ್ನ ಮಗಳು ಬುಷರಾಗೆ ಅಮ್ಮಿಯ ಸಲಾಮು, ಸಾವಿರ ದುವಾ.

ಕಾಗದ ತಡವಾಯಿತು, ಸಿಟ್ಟಾಗಬೇಡ. ಮಳೆಗೆ ಲೋಕಲ್ ನಿಂತು ನನ್ನ ರೊಟ್ಟಿ ಆರ್ಡರುಗಳೆಲ್ಲ ಏರುಪೇರಾಗಿದ್ದವು. ಫೋನಿನಲ್ಲಿ ಹೇಳೋಣವೆಂದರೆ ನೀನು "ಹಾಂ ಅಮ್ಮಿ, ಹಾಂ ಅಮ್ಮಿ" ಎಂದು ತಪ್ಪಿಸಿಕೊಳ್ಳುತ್ತೀ. ಅದಕ್ಕೇ ಬರೆದು ಹಿತೇಶನ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೌದು, ನಿನ್ನ ಜೊತೆ ಪ್ರವಾಸಿಗಳನ್ನು ಕಯಾಕ್ ದೋಣಿಯಲ್ಲಿ ಹಿಮನದಿ ತೋರಿಸಲು ಒಯ್ಯುವ ಆ ಬೊರಿವಲಿ ಹುಡುಗನೇ. ತಾಯಿಯ ಆಪರೇಷನ್ನಿಗೆಂದು ಊರಿಗೆ ಬಂದವನು ನಿನ್ನೆ ನಮ್ಮ ಮನೆಗೂ ಬಂದಿದ್ದ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹೊಟ್ಟೆಗೆ ಬಿದ್ದ ಮೇಲೆ ತಾನಾಗಿಯೇ ಬಾಯಿಬಿಟ್ಟ. ನೀನು "ಸ್ವಲ್ಪ ನೆಗಡಿ" ಎಂದ ದಿನ ನಿನ್ನ ದೋಣಿ ಮಗುಚಿ, ನೀನು ಆ ಕೊರೆಯುವ ನೀರಿನಲ್ಲಿ ಬಿದ್ದಿದ್ದೆಯಂತೆ!

ಆ ನೀರು ನಿನ್ನ ಮೈಗೆ ತಾಗಿದ ಕಾರಣ ಕೇಳಿ ಇನ್ನೂ ಸಿಟ್ಟು ಬಂತು. ಹೊರಡುವಾಗ ದಾರಿಯಲ್ಲಿ ಕಾಯಲೆಂದು ಬಟ್ಟೆಯಲ್ಲಿ ನಾಣ್ಯ ಗಂಟುಹಾಕಿ ನಾನು ತೋಳಿಗೆ ಕಟ್ಟಿದ ಇಮಾಮ್ ಜಾಮಿನ್. ತಲುಪಿದ ಕೂಡಲೇ ಬಿಚ್ಚಿ, ಒಳಗಿನ ನಾಣ್ಯ ಬಡವರಿಗೆ ಕೊಡು ಎಂದಿದ್ದೆ. ಆ ಊರಿನಲ್ಲಿ ಒಬ್ಬ ಫಕೀರನೂ ಸಿಗಲಿಲ್ಲವೆಂದು ನೀನು ಬಿಚ್ಚಲೇ ಇಲ್ಲವಂತೆ. ತೋಳಿನಿಂದ ಜಾರುತ್ತದೆಂದು ಮಣಿಕಟ್ಟಿಗೆ ಬಿಗಿದುಕೊಂಡು, ಅದರ ಮೇಲೆ ನೀರು ಹೋಗದ ಆ ಸೂಟು ಏರಿಸಿದೆಯಂತೆ. ಸೂಟಿನ ರಬ್ಬರ್ ಪಟ್ಟಿ ಚರ್ಮಕ್ಕೇ ಅಂಟಿ ಕೂರಬೇಕು. ಗಂಟಿನ ಸಂದಿಯಿಂದ ನೀರು ನುಗ್ಗಿ ನಿನ್ನ ಕೈ ಮರಗಟ್ಟಿತು. ಹಿತೇಶ್ ನಿನ್ನನ್ನು ಎಳೆದು ದಂಡೆಗೆ ತಂದು, ನಾನು ಕಟ್ಟಿದ ಆ ಗಂಟನ್ನು ಕತ್ತರಿಸಲು ಚಾಕು ತೆಗೆದರೆ, ಹಲ್ಲು ಕಟಕಟ ಎನ್ನುವಾಗಲೂ "ಮತ್ ಕಾಟ್, ಅಮ್ಮಿ ನೆ ಬಾಂಧಾ ಹೈ" ಎಂದು ಕೈ ಹಿಂದಕ್ಕೆಳೆದುಕೊಂಡೆಯಂತೆ.

ಹುಚ್ಚಿ! ಫಕೀರ ಸಿಗದಿದ್ದರೆ ನನ್ನನ್ನು ಕೇಳಬಾರದಿತ್ತೆ? ಇಲ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತವರಿಗೆ ಬರವೇ? ಇವತ್ತು ನಿನ್ನ ಹೆಸರಿನಲ್ಲಿ ನಾನೇ ಕೊಟ್ಟು ಬಂದೆ.

ಪಕ್ಕದ ಮನೆಯ ಲಕ್ಷ್ಮವ್ವ ಎಲ್ಲ ಕೇಳಿಸಿಕೊಂಡು, "ಅಕ್ಕಾ, ಆಕಿ ಅಪ್ಪನ್ನೂ ನೀರ ತಗೊಂತು. ಸಾಕು, ಮಗಳನ್ನ ಕರಸ್ಕೊ. ಬಾಂದ್ರಾದಾಗ ಎಷ್ಟ ಆಫೀಸ್ ಅದಾವ!" ಎಂದಳು.

"ಕರಸೂದಿಲ್ಲ. ನೀರಿಗೆ ಹೆದರಬಾರದಂತನ ಆಕಿಗೆ ಈಜು ಕಲಸೇನಿ" ಎಂದೆ. ಅವಳು ಮೂತಿ ತಿರುವಿಕೊಂಡು ಹೋದಳು. ಸಂಜೆ ಮತ್ತೆ ಚಹಾಕ್ಕೆ ಬಂದಳು ಬಿಡು.

ಆದ್ದರಿಂದ ನೀನು ಅಲ್ಲೇ ಇರು. ಆದರೆ ಕೆಲಸ ಬಲ್ಲವಳ ಹಾಗೆ ಇರು. ಹಿತೇಶನನ್ನು ಕೂರಿಸಿಕೊಂಡು ನಾನೂ ಎಲ್ಲ ಕೇಳಿ ತಿಳಿದಿದ್ದೇನೆ, ಇನ್ನು ನನ್ನ ಕಣ್ಣಿಗೆ ಮಣ್ಣೆರಚಲಾಗದು. ಹಿಮನದಿಯ ತುದಿಯ ಹಿಮದ ಗೋಡೆ ಹೇಳಿ ಕೇಳಿ ಬೀಳುವುದಿಲ್ಲ. ಫೋಟೋಗೆ ಇನ್ನಷ್ಟು ಹತ್ತಿರ ಹೋಗೋಣ ಎನ್ನುವ ಗಿರಾಕಿಯನ್ನು, ಕಾದ ಹಂಚಿಗೆ ಕೈಚಾಚುವ ಮಕ್ಕಳನ್ನು ನಾನು ಗದರಿಸುವಂತೆ ಗದರಿಸು. ತೇಲುವ ಮಂಜುಗಡ್ಡೆಯನ್ನೂ ನಂಬಬೇಡ, ಕೆಳಗೆ ಕರಗಿ ಗಪ್ಪನೆ ಹೊರಳುತ್ತದೆ. ಅಲೆ ಎದ್ದರೆ ದಂಡೆಗೆ ಓಡಬೇಡ, ಅದರ ಅಬ್ಬರ ಅಲ್ಲೇ ಹೆಚ್ಚು. ದೋಣಿಯ ಮೂತಿಯನ್ನು ಅಲೆಯ ಕಡೆಗೇ ತಿರುಗಿಸು. ಎದುರಾಗಿ ನಿಲ್ಲುವುದನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕಟಕ್ ರೊಟ್ಟಿ, ಚಟ್ನಿಪುಡಿ ಕಳಿಸಿದ್ದೇನೆ. ಹಿತೇಶ್ ದಾರಿಯಲ್ಲೇ ಮುಗಿಸದಿದ್ದರೆ ನಿನಗೂ ಸಿಕ್ಕೀತು. ಅಲ್ಲಾಹ್ ನಿನ್ನನ್ನು ತನ್ನ ಹಿಫಾಜತಿನಲ್ಲಿ ಇಡಲಿ. ನಿನ್ನ ಕೈಕಾಲು ಸದಾ ಬೆಚ್ಚಗಿರಲಿ.

ನಿನ್ನ ಅಮ್ಮಿ,
ದೌಲತಬಿ

ತಾ.ಕ.: ನಿನಗೆ ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ನಿನ್ನ ಅಬ್ಬಾ ಹಡಗಿಗೆ ಬಣ್ಣ ಬಳಿಯುವ ಕೆಲಸಕ್ಕೆಂದು ಗುಜರಾತಿನ ಕಡೆ ಹೊರಟಾಗಲೂ ನಾನು ಇಮಾಮ್ ಜಾಮಿನ್ ಕಟ್ಟಿದ್ದೆ. ಅವರನ್ನು ಹಡಗಿಗೆ ಒಯ್ಯುವ ಲಾಂಚಿನವನು ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟನಂತೆ. ಇವರು ಮಾತ್ರ ತೋಳು ತೋರಿಸಿ, "ನಮ್ಮ ದೌಲತ್ ಕಟ್ಯಾಳ, ನನಗ್ಯಾಕ ಅದು?" ಎಂದು ನಕ್ಕರಂತೆ. ನೀರಿನಿಂದ ಎತ್ತಿ ಅವರನ್ನು ಮನೆಗೆ ತಂದಾಗ ತೋಳಿನ ಗಂಟು ಹಾಗೇ ಇತ್ತು. ನೆನೆದು ಬಿಗಿದಿತ್ತು, ನಾನೇ ಹಲ್ಲಿನಿಂದ ಬಿಚ್ಚಿದೆ. ನೀನೂ ಕೈ ಹಿಂದಕ್ಕೆಳೆದುಕೊಂಡೆ ಎಂದು ಹಿತೇಶ್ ಹೇಳಿದಾಗ ಹಂಚಿನ ಮೇಲಿನ ರೊಟ್ಟಿ ಕರಕಾಗಿದ್ದೂ ನನಗೆ ತಿಳಿಯಲಿಲ್ಲ. ಅವರಷ್ಟು ನನ್ನನ್ನು ನಂಬಬೇಡ, ಮಗಳೇ. ಜಾಕೆಟ್ ಹಾಕಿಕೋ.