ಅಂಟಿನ ಕೋಣೆಯ ಹಸಿರು ದೀಪ

ಮಾನ್ಯ ಅಳತೆ ಉಪಕರಣಗಳ ಮುಖ್ಯ ತಪಾಸಣಾಧಿಕಾರಿಗಳೇ,

ನಿಮ್ಮ ಕಚೇರಿ ಹಾಕಿದ ಒಂದು ಸೀಸದ ಮೊಹರಿನಿಂದಾಗಿ ನನ್ನ ಅಕ್ಕನ ಕಾಲುಗಳು ಮರಗಟ್ಟುತ್ತಿವೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗೀಗಿಲ್ಲ. ಮೂರು ಅರ್ಜಿಗಳಲ್ಲಿ ಅದನ್ನೂ ಮಾಡಿ ನೋಡಿದ್ದಾಯಿತು.

ನಾನು ಚಪ್ಪಲಿ ಕಾರ್ಖಾನೆಯೊಂದರ ಮೆಕ್ಯಾನಿಕ್. ಅಕ್ಕ ಅಲ್ಲೇ ಅಂಟಿನ ಕೋಣೆಯಲ್ಲಿ ಅಟ್ಟೆಗಳಿಗೆ ಅಂಟು ಬಳಿಯುತ್ತಾಳೆ. ಅಂಟಿನ ಆವಿ ಮಿತಿಮೀರಿದರೆ ಹಸಿರು ದೀಪ ಕೆಂಪಾಗಲಿ ಎಂದು ಅಲ್ಲಿನ ಗೋಡೆಗೆ ಪೆಟ್ಟಿಗೆಯೊಂದನ್ನು ಹಾಕಿದವನು ನಾನೇ. ಅದರೊಳಗಿರುವುದು ಗ್ರ್ಯಾಫೀನ್, ಅಂದರೆ ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆ. ಪೆಟ್ಟಿಗೆ ಹಾಳೆಯ ಮೇಲೆ ಬಿಡುವ, ಕಣ್ಣಿಗೆ ಕಾಣದ ಬೆಳಕಿನಲ್ಲಿ ಪ್ರತಿಯೊಂದು ಆವಿಯೂ ತನ್ನ ಪಾಲನ್ನಷ್ಟೇ ನುಂಗುತ್ತದೆ. ಯಾವ ಆವಿಯ ಪಾಲನ್ನು ಗಮನಿಸಬೇಕೆಂದು ಹಾಳೆಗೆ ಹೇಳುವುದು ಹೊರಗಿನ ಒಂದು ಗುಂಡಿ. ಅದನ್ನು ತಿರುಗಿಸಿದರೆ ಹಾಳೆಗೆ ತಾಗುವ ವಿದ್ಯುತ್ತು ಬದಲಾಗಿ, ಅದು ಬೇರೊಂದು ಆವಿಯನ್ನು ಗುರುತಿಸುತ್ತದೆ. ಅಂಟು ಬದಲಾದರೆ ಗುಂಡಿಯೂ ತಿರುಗಬೇಕು. ಇದೇ ಅದರ ಹೆಚ್ಚುಗಾರಿಕೆ, ನಿಮ್ಮ ಲೆಕ್ಕದಲ್ಲಿ ಇದೇ ಅದರ ಅಪರಾಧ.

ನಿಮ್ಮ ತಪಾಸಕರು ಬಂದವರೇ ಗುಂಡಿಯನ್ನು ಕಂಡು ಹೌಹಾರಿದರು. "ಇದನ್ನ ಯಾರು ಬೇಕಾದ್ರೂ ತಿರುಗಿಸಬಹುದಲ್ರೀ! ನಾಳೆ ನೀವೇ ತಿರುಗಿಸಿ, ಆವಿ ಇಲ್ಲ ಅಂತ ತೋರಿಸಿದ್ರೆ?" ಎಂದವರೇ ತಂತಿ ಸುತ್ತಿ, ಸೀಸವನ್ನು ಇಕ್ಕಳದಲ್ಲಿ ಒತ್ತಿ ಮೊಹರು ಮಾಡಿದರು. ತಕ್ಕಡಿಗೆ ಇದು ಸರಿ ಸ್ವಾಮಿ. ಆದರೆ ಮರುವಾರವೇ ಕಾರ್ಖಾನೆಗೆ ಹೊಸ ಅಂಟು ಬಂತು. ಗುಂಡಿ ಹಳೆಯ ಅಂಟಿಗೇ ನಿಂತಿದೆ, ಈಗ ಯಾರೂ ತಿರುಗಿಸದೆಯೇ ಪೆಟ್ಟಿಗೆ ಆವಿ ಇಲ್ಲ ಎಂದು ತೋರಿಸುತ್ತಿದೆ! ಮೋಸವನ್ನು ತಡೆಯಲು ಹೋಗಿ ಅದನ್ನೇ ಕಾಯಂ ಮಾಡಿದ ಕಚೇರಿಗೆ ಏನೆನ್ನಬೇಕು?

ಹೋದ ತಿಂಗಳು ಅಕ್ಕ ಕೆಲಸ ಮುಗಿಸಿ ಮನೆಗೆ ಬಂದಾಗ ಅವಳ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ದಾರಿಯಲ್ಲಿ ಎಲ್ಲೋ ಕಳಚಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಹಿಮ್ಮಡಿಗೆ ಗಾಜು ಹೊಕ್ಕಿತ್ತು, ಅದೂ ಗೊತ್ತಾಗಿರಲಿಲ್ಲ. ಡಾಕ್ಟರು ಅಂಟಿನ ಆವಿಯಿಂದ ನರ ಸಾಯುತ್ತಿದೆ ಎಂದರು. ಪೆಟ್ಟಿಗೆ ಹೊಸ ಅಂಟನ್ನು ಗುರುತಿಸುತ್ತಿಲ್ಲ, ಕೆಲಸ ಬಿಡು ಎಂದು ಅಂಗಲಾಚಿದೆ.

"ಸುಮ್ನಿರೋ, ದೀಪ ಹಸಿರಾಗೇ ಇದೆಯಲ್ಲ. ನೀನೇ ಹಾಕಿದ ಪೆಟ್ಟಿಗೆ, ನಂಗೆ ಸುಳ್ಳು ಹೇಳುತ್ತಾ?" ಎಂದಳು.

ಮಾಲೀಕರ ಬಳಿ ಹೋದರೆ ಅವರದೂ ಅದೇ ರಾಗ: "ಸರ್ಕಾರದ ಮೊಹರೇ ಇದೆಯಲ್ಲಪ್ಪಾ, ಇನ್ನೇನು ಬೇಕು?" ಇಕ್ಕಳ ಹಿಡಿದು ಎರಡು ಸಲ ಆ ಪೆಟ್ಟಿಗೆಯ ಮುಂದೆ ನಿಂತೆ. ತಂತಿ ಕತ್ತರಿಸಿ ಗುಂಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕಿತ್ತು. ಮೊಹರು ಒಡೆದವನಿಗೆ, ಪೆಟ್ಟಿಗೆ ಆರಿಸಿದವನಿಗೆ ಜೈಲು ಎಂದು ನಿಮ್ಮ ಚೀಟಿ ಅಲ್ಲೇ ಅಂಟಿದೆ. ಮನೆಯಲ್ಲಿ ನಾವಿಬ್ಬರೇ, ನಾನು ಒಳಗೆ ಹೋದರೆ ಅವಳನ್ನು ನೋಡುವವರು ಯಾರು? ಇಕ್ಕಳವನ್ನು ಜೇಬಿಗಿಟ್ಟು ಹಿಂದೆ ಬಂದೆ. ನಾಚಿಕೆಯಾಗುತ್ತದೆ.

ಗುಂಡಿ ತಿರುಗಿಸಲು ಅನುಮತಿ ಕೊಡಿ ಎಂದು ಇನ್ನು ಕೇಳುವುದಿಲ್ಲ. ಅದಕ್ಕೆ ಸಮಿತಿ ಬೇಕು, ಸಮಿತಿಗೆ ಸಭೆ ಬೇಕು ಎಂದು ನೀವೇ ಬರೆದಿದ್ದೀರಿ. ದೀಪವನ್ನು ಆರಿಸಲಾದರೂ ಅಪ್ಪಣೆ ಕೊಡಿ. ಪೆಟ್ಟಿಗೆ ಬರುವ ಮುಂಚೆ ಅಂಟಿನ ಕೋಣೆಯ ಮೂವತ್ತೊಂದು ಹೆಂಗಸರು ತಮ್ಮ ಮೂಗನ್ನು ನಂಬುತ್ತಿದ್ದರು. ತಲೆ ಸುತ್ತಿದರೆ ಎದ್ದು ಕಿಟಕಿ ತೆರೆಯುತ್ತಿದ್ದರು. ಈಗ ದೀಪವನ್ನು ನೋಡಿ ಮತ್ತೆ ಕೂರುತ್ತಾರೆ.

ಇಂತಿ,
ಅಕ್ಕ ಇನ್ನೂ ನಂಬಿರುವ ತಮ್ಮ