ಹಾಳೆಯಲ್ಲಿ ಕಟ್ಟಿದ ಕೈ

೧೧ ಜನವರಿ ೧೯೫೪, ಸೋಮವಾರ
ಡ್ರೆಸ್ಸಿಂಗ್ ಮುಗಿಯಿತು. ಇವತ್ತೂ ಎಡಗೈ ಬರಹ, ಕಾಗೆ ಕಾಲು. ಬಾಣಂತಿಯ ತೈಲದ ಬಾಣಲೆ ಬಲಗೈ ಮೇಲೆ ಮಗುಚಿ ಒಂಬತ್ತು ದಿನ. ಮಣಿಕಟ್ಟು ಕೆಂಪು, ಬೊಕ್ಕೆ, ಜೀವ ಹೋಗುವ ಉರಿ. ಅಂಗೈ, ಬೆರಳ ಬುಡ ಬೆಳ್ಳಗೆ — ಮುಟ್ಟಿದರೂ ಗೊತ್ತಾಗುವುದಿಲ್ಲ. ತಂಗಿ ದಮಯಂತಿಗೆ ಸಂತೋಷ, ಅಲ್ಲಿ ವಾಸಿಯಾಯಿತೆಂದು. ಡಾಕ್ಟರ್ ಪ್ರೇಮನಾಥರು ತಲೆಯಾಡಿಸಿದರು.
"ನೋವು ಇಲ್ಲದ ಜಾಗವೇ ಹೆಚ್ಚು ಸುಟ್ಟದ್ದು. ನರವೇ ಹೋಗಿ ಉಂಟು."
ಪೆರ್ಲದ ಮಿಡ್‌ವೈಫ್ ನಾನು. ಬೆರಳು ತೆರೆಯದಿದ್ದರೆ ಕೆಲಸ ಮುಗಿಯಿತು. ತೆರೆಸಿಯೇ ತೆರೆಸುತ್ತೇನೆ.

೨೯ ಜನವರಿ
ತಪ್ಪು ನನ್ನದೇ. ಮಡಚಿ ಎದೆಗೆ ಒತ್ತಿಕೊಂಡರೆ ಹಾಯೆನಿಸುತ್ತಿತ್ತು, ಹಾಗೆಯೇ ಇಟ್ಟೆ. ಬೆರಳು ಅಂಗೈಯತ್ತ ಎಳೆಯುತ್ತಿವೆ. ಡಾಕ್ಟರು ಬೈದರು: ಹಾಯಾಗಿ ಇಟ್ಟರೆ ಮುಷ್ಟಿಯಾಗಿಯೇ ಉಳಿಯುತ್ತದಂತೆ. ಬೆರಳು ನೆಟ್ಟಗಿರಲು ಮರದ ಪಟ್ಟಿ ಕಟ್ಟಿದರು. ಒಂದೇ ಕಡೆ ಒತ್ತಿ ಹುಣ್ಣು... ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ನಾಚಿಕೆಯಾಯಿತು.

೨ ಫೆಬ್ರವರಿ
ಬಟ್ಯ ಬಂದಿದ್ದ. ಅಡಿಕೆ ಹಾಳೆಯಲ್ಲಿ ತಲೆಗೆ ಮುಟ್ಟಾಳೆ ಹೊಲಿಯುವವನು. ಪಟ್ಟಿ ನೋಡಿ ನಕ್ಕ. ಹಾಳೆ ನೆನೆಸಿ ತಂದು, ನನ್ನ ಹುಣ್ಣಿಗೆ ತಾಗದಂತೆ ದಮಯಂತಿಯ ಬಿಡಿಸಿದ ಕೈ ಮೇಲೆ ಅಚ್ಚು ಕಟ್ಟಿದ.
"ನೆನೆದು ಚಂಡಿ ಇರುವಾಗ ಹೇಗೆ ಕಟ್ಟಿದರೂ ಹಾಗೆಯೇ ಒಣಗುತ್ತದೆ ಅಮ್ಮ."
ಒಣಗಿತು. ವ್ಯಾಸಲಿನ್ ಬಟ್ಟೆ ಹಾಸಿ ಕೈಯಿಟ್ಟರೆ ಎಲ್ಲೂ ಚುಚ್ಚಲಿಲ್ಲ. ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿದರು. ಇನ್ನೊಂದು ಬೇಕಂತೆ, ಮತ್ತೊಬ್ಬ ರೋಗಿಗೆ.

೨೮ ಫೆಬ್ರವರಿ, ಮಂಗಳೂರು ಆಸ್ಪತ್ರೆ
ತೊಡೆಯ ಚರ್ಮ ಚೂರುಚೂರು ತೆಗೆದು ಅಂಗೈಗೆ ಹಾಕಿದ್ದಾರೆ. ಇಪ್ಪತ್ತರಲ್ಲಿ ಹದಿನಾರು ಹಿಡಿದಿವೆ. ತೊಡೆ ಕೈಗಿಂತ ಹೆಚ್ಚು ಉರಿಯುತ್ತದೆ. ಹಾಳೆ ಬಿಟ್ಟಿಲ್ಲ. ನರ್ಸ್ ಎಸೆಯಲು ಹೊರಟಳು, ಜಗಳ ಮಾಡಿದೆ.

೧೪ ಏಪ್ರಿಲ್
ಪೆರ್ಲ. ದಿನಕ್ಕೆ ಆರು ಸಲ ಬೆರಳು ಬಿಡಿಸುವುದು. ದಮಯಂತಿ ಹಿಡಿದು ಎಳೆಯುತ್ತಾಳೆ, ನಾನು ಅವಳಿಗೆ ಬಾಯಿಗೆ ಬಂದದ್ದು ಬೈಯುತ್ತೇನೆ. ಪಾಪ, ಅಳುತ್ತಲೇ ಎಳೆಯುತ್ತಾಳೆ. ಡಾಕ್ಟರು ಇನ್ನೂ ಎರಡು ತಿಂಗಳು ಹೆರಿಗೆ ಬೇಡ ಎಂದಿದ್ದಾರೆ. ಕಿರುಬೆರಳು ಹಠಮಾರಿ. ಉಳಿದವು ಮುಕ್ಕಾಲು ತೆರೆಯುತ್ತವೆ.

೯ ಮೇ, ಸಂಜೆ ೪. ಲೋಕಯ್ಯನ ಮನೆ
ಅವನ ಮಗಳು ಅಮ್ಮಣಿಗೆ ಬೆಳಗಿನಿಂದ ಹೆರಿಗೆ ನೋವು. ಮಗುವಿನ ಕಾಲು ಮೊದಲು. ಡಾಕ್ಟರು ಪುತ್ತೂರಿಗೆ ಹೋಗಿದ್ದಾರೆ. ಬೇಡ ಎಂದದ್ದು ನೆನಪಿತ್ತು. ಬಂದೆ.
ಮೈ ಬಂತು, ತಲೆ ಸಿಕ್ಕಿಕೊಂಡಿತು. ಎಡಗೈಯಿಂದ ಆಗುವ ಕೆಲಸವಲ್ಲ. ಬಲಗೈಗೆ ಗ್ಲೌಸ್ ಹಾಕಿದೆ. ಹೆದರಿದ್ದೆ — ಇಲ್ಲಿ ಸುಳ್ಳು ಬರೆಯುವುದು ಯಾಕೆ. ಒಳಗೆ ಹೊಸ ಚರ್ಮ ಬಿರಿದದ್ದು ಗೊತ್ತಾಯಿತು. ಎರಡು ಬೆರಳು ಮಗುವಿನ ಕೆನ್ನೆಯವರೆಗೆ ಹೋದವು. ತಲೆ ಬಗ್ಗಿತು. ಬಂತು.
ಹೆಣ್ಣು. ನೀಲಿ. ಬೆನ್ನುಜ್ಜಿದೆ, ಉಜ್ಜಿದೆ... ಅತ್ತಿತು. ನಾನೂ ಅತ್ತೆ.
ಗ್ಲೌಸ್ ತುಂಬ ರಕ್ತ, ನನ್ನದು. ಡಾಕ್ಟರು ಬೈಯುತ್ತಾರೆ. ಬೈಯಲಿ. ನಾಳೆ ಹೊಸ ಡ್ರೆಸ್ಸಿಂಗ್, ಬೇಕಾದರೆ ಇನ್ನೊಮ್ಮೆ ತೊಡೆಯ ಚರ್ಮ. ಅಮ್ಮಣಿ ಮಗುವನ್ನು ಇನ್ನೂ ಸರಿಯಾಗಿ ನೋಡಿಲ್ಲ, ಕರೆಯುತ್ತಿದ್ದಾಳೆ, ಎತ್ತಿ ಕೊಡಲು ನಾನೇ ಬೇಕಂತೆ, ಈ ಕೈಯಿಂದಲೇ. ಹೋಗಿ ಕೊಡುತ್ತೇನೆ.