ಆಲ್ಮೋಸ್ಟು ಒಣಗಿದ ಹುಲ್ಲು

ಲಿವರ್‌ಮೋರ್, ಬುಧವಾರ

ಮಾವನವರಿಗೆ ನಮಸ್ಕಾರ.

ಬಾಯಲ್ಲಿ ಹೇಳಲಾಗದೆ ಕಾಗದ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಇಲ್ಲಿಗೆ ಬಂದಿದ್ದಾಗ ನಮ್ಮ ಮೇಕೆಗಳಿಗೆಂದು ನೀವು ಒಟ್ಟಿಕೊಟ್ಟು ಹೋದ ಆಲ್ಫಾಲ್ಫಾ ಹುಲ್ಲಿನ ಮೆದೆ ಒಳಗೊಳಗೇ ಕಾದು ಹೊಗೆಯಾಡುತ್ತಿದೆ. ಹುಲ್ಲಿನಲ್ಲಿ ಹಸಿ ಉಳಿದಿತ್ತಂತೆ. ಗಾಳಿ ಹೊಕ್ಕರೆ ಹೊತ್ತಿಕೊಳ್ಳುತ್ತದೆ, ಕೆಡವಬೇಡಿ ಎಂದು ಫೈರ್ ಡಿಪಾರ್ಟ್‌ಮೆಂಟಿನವರು ಹೇಳಿದ್ದಾರೆ. ದೂರ ನಿಂತು ನೋಡುತ್ತಿದ್ದೇವೆ. ಮೇಕೆಗಳು ಬೇಲಿಯ ಬಳಿ ಅರಚುತ್ತಿವೆ.

"ಅಪ್ಪಂಗೆ ಈ ಹುಲ್ಲಿನ ಹದ ಗೊತ್ತಾಗ್ಲಿಲ್ಲ" ಎಂದರು ನಿಮ್ಮ ಮಗ. ನಾನು ಮೇಕೆಗಳಿಗೆ ನೀರಿಡಲು ಹೋದೆ.

ಒಟ್ಟುವ ಮುಂಚೆ ನೀವು, "ಚೆನ್ನಾಗಿ ಒಣಗೈತೇನವ್ವ?" ಎಂದು ಕೇಳಿದಿರಿ. ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದ ನಾನು, ಹೊರಗೂ ನೋಡದೆ, "ಆಲ್ಮೋಸ್ಟು ಮಾವ" ಎಂದೆ. ನಿಮಗದು ಹೌದು ಎಂದೇ ಕೇಳಿಸಿತು.

ಭಾನುವಾರ ನಿಮ್ಮ ಮಗ ಫೋನು ಮಾಡಿದಾಗ ನನ್ನ ಆ ಮಾತನ್ನು ನೀವೇ ಹೇಳಿಬಿಡಿ. ನನ್ನ ಕೈಲಾಗುತ್ತಿಲ್ಲ.

ನಿಮ್ಮ ಸೊಸೆ
ತೇಜಸ್ವಿನಿ